47 ನಿಮಿಷ, 45 ಎಂಬಿ

ವಕೀಲರ ನೋಟಿಸ್ ಬಂದದ್ದು 2024ರ ಏಪ್ರಿಲ್‌ನಲ್ಲಿ. ಅದರಲ್ಲಿ ಹೇಳಿದ್ದ ವರದಿ 20 ತಿಂಗಳು ಹಳೆಯದು. ಆನೇಕಲ್ ಕಡೆಯ ಒಂದು ಬಡಾವಣೆಯ ಜಮೀನಿನ ಬಗ್ಗೆ ನಾನು ಬರೆದಿದ್ದ ಮುನ್ನೂರು ಪದಗಳ ಸುದ್ದಿ ಅದು. ಒಬ್ಬ ಅಜ್ಜಿ ತನ್ನ ಹೆಬ್ಬೆಟ್ಟನ್ನು ಯಾವ ಕಾಗದಕ್ಕೆ, ಏನು ಹೇಳಿ ಒತ್ತಿಸಿಕೊಂಡರು ಅಂತ ನನ್ನ ಮುಂದೆ ಕೂತು ಹೇಳಿದ್ದಳು. ಫೋನ್ ಪಕ್ಕದಲ್ಲಿಟ್ಟು 47 ನಿಮಿಷ ರೆಕಾರ್ಡ್ ಮಾಡಿಕೊಂಡಿದ್ದೆ. ಪೇಪರಿನಲ್ಲಿ ಬಂದದ್ದು ಅವಳ ನಾಲ್ಕು ಸಾಲು.

ಆಫೀಸಿನಿಂದ ಫೋನ್ ಬಂತು. "ಮೂಲ ರೆಕಾರ್ಡಿಂಗ್ ಇದೆ ತಾನೇ?"

"ಇದೆ ಸಾರ್, ಡಿಸ್ಕಲ್ಲಿದೆ" ಅಂದೆ. ಅಷ್ಟು ಧೈರ್ಯವಾಗಿ ಹೇಳಿದ್ದು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಬೀರುವಿನಿಂದ 2 ಟಿಬಿಯ ಹಾರ್ಡ್ ಡಿಸ್ಕ್ ತೆಗೆದು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ದೀಪ ಹತ್ತಿತು. ಆಮೇಲೆ ಒಳಗಿನಿಂದ ಟಿಕ್, ಟಿಕ್, ಟಿಕ್. ಕೇಬಲ್ ಬದಲಿಸಿದೆ, ಬೇರೆ ಲ್ಯಾಪ್‌ಟಾಪಿಗೆ ಹಾಕಿದೆ, ಅದೇ ಸದ್ದು. ಮಾರನೆಯ ದಿನ ಎಸ್.ಪಿ. ರಸ್ತೆಗೆ ಹೋದೆ. ಅಲ್ಲಿಂದ ಇನ್ನೊಂದು ಕಡೆ ಕಳಿಸಿದರು. ಮೂರು ವಾರ ಇಟ್ಟುಕೊಂಡು, ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದಿದೆ, ಏನೂ ಬರಲ್ಲ ಅಂತ ವಾಪಸ್ ಕೊಟ್ಟರು. ಡಿಸ್ಕ್ ಯಾವಾಗ ಕೆಟ್ಟಿತೋ ನನಗೆ ಗೊತ್ತಿಲ್ಲ. ತಿಂಗಳುಗಟ್ಟಲೆ ಅದನ್ನು ಮುಟ್ಟಿಯೇ ಇರಲಿಲ್ಲ.

ಅಜ್ಜಿಯನ್ನು ಮತ್ತೆ ಕೇಳೋಣ ಅಂದರೆ, ಅವಳು ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದಳು. ಉಳಿದದ್ದು ಅವತ್ತು ಡೆಸ್ಕಿಗೆ ವಾಟ್ಸಾಪಿನಲ್ಲಿ ಕಳಿಸಿದ್ದ ಮೂರು ನಿಮಿಷದ ತುಣುಕು ಮಾತ್ರ. ಅದರಲ್ಲಿ ಹೆಬ್ಬೆಟ್ಟಿನ ಮಾತು ಇರಲಿಲ್ಲ. ವಿಷಯ ಕೋರ್ಟಿಗೆ ಹೋಗಲಿಲ್ಲ. ಒಳಪುಟದಲ್ಲಿ ಒಂದು ಸ್ಪಷ್ಟನೆ ಬಂತು: ಆ ಹೇಳಿಕೆಯನ್ನು ದೃಢಪಡಿಸಿಕೊಳ್ಳಲು ಸಾಧ್ಯವಾಗಿಲ್ಲ ಅಂತ. ಅಜ್ಜಿ ನಿಜ ಹೇಳಿದ್ದಳು. ನನ್ನ ಬೀರುವಿನಲ್ಲಿ ಒಂದು ಡಿಸ್ಕ್ ಕೆಟ್ಟಿದ್ದಕ್ಕೆ ಅವಳ ಮಾತು ಅನುಮಾನದ ಮಾತಾಯಿತು.

ನಮ್ಮಂಥ ಸ್ಟ್ರಿಂಗರ್‌ಗಳಲ್ಲಿ ಬಹಳ ಜನರ ಸ್ಥಿತಿ ಇದೇ ಅಂತ ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಬೇಗೂರಿನಲ್ಲಿ. ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಜನ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವವರು. ಮೇಲಿನ ಮನೆಯ ಮಂಡ್ಯದ ಹುಡುಗ ಒಂದು ಕಂಪನಿಯಲ್ಲಿ ಸ್ಟೋರೇಜ್ ನೋಡಿಕೊಳ್ಳುತ್ತಾನೆ. ಬೇರೆಯವರ ಡೇಟಾ ಕಾಯುವುದೇ ಅವನ ಉದ್ಯೋಗ. ಕೆಟ್ಟ ಡಿಸ್ಕ್ ಹಿಡಿದುಕೊಂಡು ಅವನ ಬಾಗಿಲು ತಟ್ಟಿದೆ.

"ಬ್ಯಾಕಪ್ ಎಲ್ಲಿತ್ತಕ್ಕ?"

"ಇದೇ ಬ್ಯಾಕಪ್ಪು."

"ಮೂಲ?"

"ಫೋನಲ್ಲಿತ್ತು. ಜಾಗ ಇರಲಿಲ್ಲ, ಇದಕ್ಕೆ ಹಾಕಿ ಅಳಿಸ್ದೆ."

"ಹಂಗಾದ್ರೆ ಇದು ಬ್ಯಾಕಪ್ ಅಲ್ಲ ಕಣಕ್ಕ. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಮಡಗಿದ್ದೀರ, ಅಷ್ಟೆ."

ನಾಲ್ಕು ವರ್ಷ ಡಿಸ್ಕಿನ ಮೇಲೆ 'ಬ್ಯಾಕಪ್' ಅಂತ ಚೀಟಿ ಅಂಟಿಸಿ ನೆಮ್ಮದಿಯಿಂದ ಇದ್ದೆ.

ಹೊಸದಾಗಿ ಏನು ಕೊಳ್ಳಬೇಕು ಅಂತ ಕೇಳಿದೆ. ಅವನು ಅದಕ್ಕೆ ಉತ್ತರ ಕೊಡದೆ, ವಾರಕ್ಕೆ ಎಷ್ಟು ಡೇಟಾ ಹುಟ್ಟುತ್ತದೆ ಅಂತ ಕೇಳಿದ. ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ಕೂತು ಹಾಕಿದೆವು. ನನ್ನ ಫೋನಿನಲ್ಲಿ 4ಕೆ ವಿಡಿಯೊ ಒಂದು ನಿಮಿಷಕ್ಕೆ ಸುಮಾರು 350 ಎಂಬಿ ಆಗುತ್ತದೆ. ಒಂದು ಕಾರ್ಯಕ್ರಮಕ್ಕೆ 20 ನಿಮಿಷ ಅಂದರೆ 7 ಜಿಬಿ. ವಾರಕ್ಕೆ ಐದು ಕಡೆ ಹೋದರೆ 35 ಜಿಬಿ, ವರ್ಷಕ್ಕೆ 1.8 ಟಿಬಿ. ನನ್ನ ಹಳೆಯ ಡಿಸ್ಕ್ ತುಂಬಲು ನಾಲ್ಕು ವರ್ಷ ಬೇಕಾಗಿತ್ತು. ಈಗಿನ ವೇಗದಲ್ಲಿ ವರ್ಷಕ್ಕೊಂದು ಬೇಕು. ಯುಟ್ಯೂಬ್ ಚಾನೆಲ್‌ಗೂ ವಿಡಿಯೊ ಕಳಿಸುವ ಗೆಳೆಯರಿಗೆ ಇನ್ನೂ ಹೆಚ್ಚು.

ಒಂದೊಂದೇ ದಾರಿ ನೋಡುತ್ತ ಹೋದೆವು.

ಮೊದಲು ಕ್ಲೌಡ್. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರಗಳನ್ನು ಪುಕ್ಕಟೆ ಇಡಬಹುದಾಗಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಪುಕ್ಕಟೆ ಸಿಗುವುದು ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ. ದುಡ್ಡು ಕೊಟ್ಟು 2 ಟಿಬಿ ಜಾಗ ಪಡೆದರೂ ಅದನ್ನು ತುಂಬಿಸಬೇಕಲ್ಲ. ನಮ್ಮ ಮನೆಯ ಇಂಟರ್ನೆಟ್ಟು ಸೆಕೆಂಡಿಗೆ 40 ಮೆಗಾಬಿಟ್ ಮೇಲಕ್ಕೆ ಕಳಿಸುತ್ತದೆ ಅಂತಿಟ್ಟುಕೊಂಡರೂ 2 ಟಿಬಿ ಹೋಗಲು ನಾಲ್ಕೂವರೆ ದಿನಕ್ಕಿಂತ ಹೆಚ್ಚು ಬೇಕು, ಒಂದು ನಿಮಿಷವೂ ಕರೆಂಟ್ ಹೋಗದಿದ್ದರೆ. ಇನ್ನು ಅಮೆಜಾನ್‌ನ 'ಗ್ಲೇಸಿಯರ್ ಡೀಪ್ ಆರ್ಕೈವ್' ಥರದ ಉಗ್ರಾಣಗಳಿವೆ. ಅಮೆರಿಕದ ಕೇಂದ್ರಗಳಲ್ಲಿ ಒಂದು ಟೆರಾಬೈಟ್ ಇಡಲು ತಿಂಗಳಿಗೆ ಸುಮಾರು ಒಂದು ಡಾಲರ್ ಅಷ್ಟೇ. ಆದರೆ ಬೇಕು ಅಂದಾಗ ಕೈಗೆ ಸಿಗಲು 12 ಗಂಟೆಯವರೆಗೆ ಕಾಯಬೇಕು, ಇಳಿಸಿಕೊಳ್ಳುವಾಗ ಇಟ್ಟಿದ್ದಕ್ಕಿಂತ ಎಷ್ಟೋ ಪಟ್ಟು ದುಡ್ಡು ತೆರಬೇಕು. ಇಡುವ ಬೆಲೆ ನೋಡಿ ಹೋದವರಿಗೆ ತೆಗೆಯುವ ಬೆಲೆ ಆಮೇಲೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ನನಗೆ ಹೊಸದು. ಸಿಂಕ್ ಬೇರೆ, ಬ್ಯಾಕಪ್ ಬೇರೆ. ಫೋನಿನಲ್ಲಿ ಅಳಿಸಿದರೆ ಸಿಂಕ್ ಆದ ಕಡೆಯೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ಇಲ್ಲ. ಗೂಗಲ್ ಖಾತೆಯನ್ನೇ ಎರಡು ವರ್ಷ ಮುಟ್ಟದಿದ್ದರೆ ಅದನ್ನು ಅಳಿಸಬಹುದು ಅನ್ನುವ ನಿಯಮವೂ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ನಮ್ಮಲ್ಲೊಬ್ಬರು ತೀರಿಕೊಂಡರೆ ಅವರ ವರದಿಗಾರಿಕೆಯೂ ಎರಡು ವರ್ಷಕ್ಕೆ ತೀರಿಹೋಗಬಹುದು.

ಎರಡನೆಯದು, ನಾಲ್ಕೈದು ಡಿಸ್ಕ್ ಕೂರಿಸುವ ಪೆಟ್ಟಿಗೆ. ನಾಸ್ ಅನ್ನುತ್ತಾರೆ. ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಡೇಟಾ ಬರುವ ಹಾಗೆ ಜೋಡಿಸಬಹುದು, ಅದಕ್ಕೆ ರೇಡ್ ಅಂತ ಹೆಸರು. ನನಗೆ ಇದು ಬಹಳ ಹಿಡಿಸಿತ್ತು. ಹುಡುಗ ತಲೆ ಆಡಿಸಿದ. "ಡಿಸ್ಕ್ ಕೆಟ್ರೆ ಬಚಾವು. ಪೆಟ್ಟಿಗೇನೆ ಕಳ್ಳ ಎತ್ಕೊಂಡೋದ್ರೆ? ಸಿಡಿಲು ಹೊಡುದ್ರೆ? ನೀವೇ ತಪ್ಪಾಗಿ ಅಳ್ಸುದ್ರೆ ನಾಲ್ಕರಲ್ಲೂ ಒಟ್ಗೇ ಅಳ್ದೋಯ್ತದೆ." ಕೆಲಸ ನಿಲ್ಲದಿರಲು ರೇಡ್ ಬೇಕು. ಕಳೆದದ್ದನ್ನು ಹಿಂದಕ್ಕೆ ತರಲು ಬೇರೆ ಕಡೆ ಇನ್ನೊಂದು ಪ್ರತಿ ಬೇಕು.

ಮೂರನೆಯದು ಟೇಪ್. ಕ್ಯಾಸೆಟ್ ಕಾಲ ಮುಗಿಯಿತು ಅಂದುಕೊಂಡಿದ್ದೆ. ದೊಡ್ಡ ಕಂಪನಿಗಳಲ್ಲಿ ಅದು ಇನ್ನೂ ನಡೆಯುತ್ತಿದೆ. ಎಲ್‌ಟಿಒ-9 ಅನ್ನುವ, ಅಂಗೈಯಲ್ಲಿ ಹಿಡಿಯುವ ಒಂದು ಕ್ಯಾಸೆಟ್ಟಿನಲ್ಲಿ 18 ಟಿಬಿ ಕೂರುತ್ತದೆ. ಬರೆದು ಕಪಾಟಿನಲ್ಲಿಟ್ಟರೆ ಕರೆಂಟ್ ಬೇಡ, ಇಂಟರ್ನೆಟ್ಟಿನಿಂದ ಬಂದು ಯಾರೂ ಅದನ್ನು ಕೆಡಿಸಲಾರರು. ಆದರೆ ಬರೆಯುವ ಯಂತ್ರಕ್ಕೆ ಲಕ್ಷಗಳ ಲೆಕ್ಕ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಸಂಬಳ ಎಣಿಸುವ ನಮಗೆ ಅದು ಆಗುವ ಮಾತಲ್ಲ.

ಅಷ್ಟು ಹೊತ್ತಿಗೆ ನನಗೆ ಸಾಕಾಗಿತ್ತು. "ಇಷ್ಟೊಂದು ಡೇಟಾ, ಇದನ್ನೆಲ್ಲ ಎರಡೆರಡು ಕಡೆ ಇಡೋಕೆ ನನ್ನ ಕೈಲಿ ಆಗಲ್ಲ" ಅಂದೆ.

ಆಗ ಅವನು ಕೇಳಿದ. "ಆ ಅಜ್ಜಿದು ಎಷ್ಟು ಎಂಬಿ ಇತ್ತಕ್ಕ?"

ಫೋನಿನ ರೆಕಾರ್ಡರು ಸೆಕೆಂಡಿಗೆ 128 ಕಿಲೋಬಿಟ್‌ನಲ್ಲಿ ಉಳಿಸುತ್ತದೆ. 47 ನಿಮಿಷಕ್ಕೆ ಲೆಕ್ಕ ಹಾಕಿದರೆ 45 ಎಂಬಿ. 4ಕೆ ವಿಡಿಯೊದ ಎಂಟು ಸೆಕೆಂಡಿನಷ್ಟು. ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಅಂಥ ಮುನ್ನೂರು ಅಜ್ಜಿಯರ ಮಾತು ಹಿಡಿಸುತ್ತಿತ್ತು. ಕಳೆದುಕೊಂಡ ಡಿಸ್ಕಿನಲ್ಲಿ 1.8 ಟಿಬಿ ಇತ್ತು. ಅದರಲ್ಲಿ ಬಹುಪಾಲು ಸಮಾರಂಭಗಳು, ಹಾರ ಹಾಕುವುದು, ದೀಪ ಹಚ್ಚುವುದು, ಒಂದೇ ಗುಂಡಿ ಬಿದ್ದ ರಸ್ತೆಯ ಹದಿನೈದು ಚಿತ್ರ. ಅವು ಹೋದದ್ದಕ್ಕೆ ಇವತ್ತಿನವರೆಗೆ ಒಂದು ದಿನವೂ ಬೇಜಾರಾಗಿಲ್ಲ. ಡೇಟಾ ಬಹಳ ಇದೆ ಅಂತ ಹೆದರಿ, ಇದ್ದ ಸ್ವಲ್ಪವನ್ನು ಕಾಯದೆ ಬಿಟ್ಟಿದ್ದೆ.

ಈ ತಪ್ಪು ನನ್ನೊಬ್ಬಳದೇ ಅಲ್ಲ ಅಂತ ಕಳೆದ ವರ್ಷ ಗೊತ್ತಾಯಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಲಿಥಿಯಂ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸ ನಡೆಯುತ್ತಿದ್ದಾಗ ಹತ್ತಿದ ಬೆಂಕಿ ಅದು. ಅಲ್ಲಿ ಸರ್ಕಾರಿ ನೌಕರರ ಕಡತಗಳನ್ನು ಇಡುವ 'ಜಿ-ಡ್ರೈವ್' ಅನ್ನುವ ವ್ಯವಸ್ಥೆ ಇತ್ತು, ಒಬ್ಬೊಬ್ಬರಿಗೆ 30 ಜಿಬಿಯಂತೆ. ಒಟ್ಟು 858 ಟೆರಾಬೈಟ್ ಸುಟ್ಟುಹೋಯಿತು. ಅದಕ್ಕೆ ಬೇರೆ ಕಡೆ ಬ್ಯಾಕಪ್ ಇರಲಿಲ್ಲ. ಯಾಕೆ ಅಂದರೆ, ಗಾತ್ರ ದೊಡ್ಡದಾದ್ದರಿಂದ ಬ್ಯಾಕಪ್ ಮಾಡಲು ಆಗುತ್ತಿರಲಿಲ್ಲ ಅಂತ ಅಧಿಕಾರಿಗಳು ಹೇಳಿದರು. ಆ ಸುದ್ದಿ ಓದಿ ಮೇಲಿನ ಮನೆಗೆ ಹೋಗಿ ಹುಡುಗನಿಗೆ ತೋರಿಸಿದೆ. "ನೀವೂ ಹಿಂಗೇ ಅಂದಿದ್ರಿ" ಅಂದ.

ಫೋಟೊಗ್ರಾಫರ್ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಒಂದು ಸೂತ್ರವಿದೆ, 3-2-1 ಅಂತ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಇದು ಅರ್ಥವಾಗಲು ನಾನು ದೂರ ಹೋಗಬೇಕಾಗಿರಲಿಲ್ಲ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಪಂಚಲಿಂಗ ನಾಗೇಶ್ವರ ದೇವಸ್ಥಾನವಿದೆ. ಅಲ್ಲಿನ ಗಂಗರ ಕಾಲದ ಕಲ್ಲಿನಲ್ಲಿ 'ಬೆಂಗಳೂರು' ಅನ್ನುವ ಹೆಸರಿದೆ. ಸುಮಾರು ಕ್ರಿ.ಶ. 890ರ ಹೊತ್ತಿನದು, ಬೆಂಗಳೂರು ಕಾಳಗದಲ್ಲಿ ಸತ್ತವರ ನೆನಪಿನದು. ಸಾವಿರ ವರ್ಷ ಕಲ್ಲು ಒಂದೇ ಪ್ರತಿಯಾಗಿತ್ತು. ಕಳೆದ ಶತಮಾನದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಾಲದಲ್ಲಿ ಅದರ ಪಾಠ ಅಚ್ಚಾಗಿ ಕಾಗದದ ಪ್ರತಿ ಬಂತು. 2021ರಿಂದ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೀಗೆ ಕಲ್ಲು, ಕಾಗದ, ಫೈಲು ಮೂರೂ ಆಗುತ್ತವೆ. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿದ್ದರು. ಅದರಲ್ಲಿರುವ ಎಷ್ಟೋ ಕಲ್ಲುಗಳು ಈಗ ಜಾಗದಲ್ಲಿಲ್ಲ, ರಸ್ತೆಗೋ ಸೈಟಿಗೋ ಹೋದವು. ಅವು ಉಳಿದಿರುವುದು ಆ ಪುಸ್ತಕದಲ್ಲಿ.

ಕೊನೆಗೆ ನಾನು ಆರಿಸಿಕೊಂಡದ್ದು ಇಷ್ಟು.

ಡಿಸ್ಕ್ ಕೊಳ್ಳುವ ಮುಂಚೆ ಡೇಟಾ ವಿಂಗಡಿಸಿದೆ. ಮತ್ತೆ ಸಿಗಲಾರದ್ದು ಒಂದು ರಾಶಿ: ಸಂದರ್ಶನಗಳ ಆಡಿಯೊ, ಮಾಹಿತಿ ಹಕ್ಕಿನಲ್ಲಿ ಪಡೆದ ಕಾಗದಗಳು, ಗ್ರಾಮಸಭೆಯ ರೆಕಾರ್ಡಿಂಗ್, ಟಿಪ್ಪಣಿ ಪುಸ್ತಕಗಳ ಫೋಟೊ. ಉದ್ದದ ವಿಡಿಯೊ ಇದ್ದರೆ ಅದರ ಧ್ವನಿಯನ್ನು ಮಾತ್ರ ಬೇರೆ ಫೈಲಾಗಿ ತೆಗೆದು ಇದಕ್ಕೆ ಸೇರಿಸುತ್ತೇನೆ. ಮತ್ತೆ ಬಳಕೆಗೆ ಬರಬಹುದಾದ ವಿಡಿಯೊ, ಚಿತ್ರ ಎರಡನೇ ರಾಶಿ. ಉಳಿದದ್ದೆಲ್ಲ ಮೂರನೇ ರಾಶಿ. ಅದನ್ನು ಆರು ತಿಂಗಳಿಗೆ ಅಳಿಸುತ್ತೇನೆ. ಅಳಿಸುವುದೂ ಬ್ಯಾಕಪ್ಪಿನ ಭಾಗ ಅಂತ ಕಲಿತೆ. ಯಾವುದನ್ನೂ ಬಿಸಾಡದವರ ಮನೆಯಲ್ಲಿ ಬೇಕಾದ್ದು ಸಿಗುವುದಿಲ್ಲ.

ಮೊದಲ ರಾಶಿ ಇವತ್ತಿಗೂ 60 ಜಿಬಿ ದಾಟಿಲ್ಲ. ಅದು ಮೂರು ಕಡೆ ಇದೆ: ಮನೆಯ ಡಿಸ್ಕಿನಲ್ಲಿ, ತಿಂಗಳಿಗೆ ಚಿಕ್ಕ ಮೊತ್ತ ಕೊಡುವ ಕ್ಲೌಡಿನಲ್ಲಿ, ಊರಿನಲ್ಲಿ ಅಮ್ಮನ ಬೀರುವಿನಲ್ಲಿ. ಎರಡನೇ ರಾಶಿ ಎರಡು ದೊಡ್ಡ ಡಿಸ್ಕ್‌ಗಳಲ್ಲಿದೆ. ಒಂದು ಇಲ್ಲಿ, ಒಂದು ಊರಲ್ಲಿ. ಊರಿಗೆ ಹೋದಾಗ ಅದಲು ಬದಲು ಮಾಡುತ್ತೇನೆ. ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಳ್ಳಬೇಡಿ ಅಂದ ಹುಡುಗ. ಒಂದೇ ಕಂತಿನಲ್ಲಿ ತಯಾರಾದವು ಒಂದೇ ಹೊತ್ತಿಗೆ ಕೆಡಬಹುದಂತೆ. ಎಸ್‌ಎಸ್‌ಡಿ ಹಗುರ, ಬಿದ್ದರೂ ತಡೆಯುತ್ತದೆ ಅಂತ ಅದನ್ನೇ ಕೊಳ್ಳಲು ಹೊರಟಿದ್ದೆ. ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಅದರಲ್ಲಿನ ಡೇಟಾ ಮಾಸಿಹೋಗುವ ಅಪಾಯವಿದೆ ಅಂದ. ಓಡಾಟಕ್ಕೆ ಎಸ್‌ಎಸ್‌ಡಿ, ಬೀರುವಿಗೆ ಹಾರ್ಡ್ ಡಿಸ್ಕ್.

ನಕಲು ಮಾಡಲು ರೆಸ್ಟಿಕ್ ಅನ್ನುವ ಪುಕ್ಕಟೆ ತಂತ್ರಾಂಶ ಬಳಸುತ್ತೇನೆ. ಹೊಸದಾಗಿ ಬಂದದ್ದನ್ನು ಮಾತ್ರ ಸೇರಿಸುತ್ತದೆ, ಒಂದೇ ಫೈಲ್ ಎರಡು ಸಲ ಇದ್ದರೆ ಒಂದೇ ಸಲ ಇಡುತ್ತದೆ, ಹಿಂದಿನ ದಿನಗಳ ಸ್ಥಿತಿಯನ್ನೂ ಉಳಿಸುತ್ತದೆ. ಎಲ್ಲಕ್ಕೂ ಪಾಸ್‌ವರ್ಡಿನ ಬೀಗ ಹಾಕುತ್ತದೆ. ಬೀಗ ನಮಗೆ ಮುಖ್ಯ. ಡಿಸ್ಕ್ ಕಳುವಾದರೆ ನಮ್ಮನ್ನು ನಂಬಿ ಮಾತಾಡಿದವರ ಹೆಸರೂ ಕಳ್ಳನ ಕೈಗೆ ಹೋಗುತ್ತದೆ. ಆದರೆ ಪಾಸ್‌ವರ್ಡ್ ಮರೆತರೆ ನಮಗೂ ಸಿಗುವುದಿಲ್ಲ. ಅದನ್ನು ಕಾಗದದಲ್ಲಿ ಬರೆದು ಅಮ್ಮನಿಗೆ ಕೊಟ್ಟಿದ್ದೇನೆ. ಅಮ್ಮ ಅದನ್ನು ಪಹಣಿ ಕಾಗದಗಳ ಜೊತೆ ಇಟ್ಟಿದ್ದಾಳೆ.

ಇನ್ನೊಂದು ಎಚ್ಚರ ನಮ್ಮ ಭಾಷೆಯವರಿಗೇ ಬೇಕಾದದ್ದು. ಡಿಪ್ಲೊಮಾ ದಿನಗಳ ಒಂದು ಸಿಡಿ ಅಚ್ಚರಿಯೆಂಬಂತೆ ಓದಿತು. ಒಳಗಿದ್ದ ವರದಿಗಳನ್ನು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಯುನಿಕೋಡ್‌ಗಿಂತ ಹಿಂದಿನ ನುಡಿ ಅಕ್ಷರದಲ್ಲಿ ಟೈಪ್ ಮಾಡಿದ್ದವು. ಆ ಫಾಂಟ್ ಇಲ್ಲದೆ ಅದು ಕನ್ನಡವೇ ಅಲ್ಲ. ಫೈಲ್ ಉಳಿದಿತ್ತು, ಓದಲು ಆಗುತ್ತಿರಲಿಲ್ಲ. ಅವನ್ನೆಲ್ಲ ಯುನಿಕೋಡ್‌ಗೆ ಬದಲಿಸಿದೆ. ನಿಮ್ಮಲ್ಲಿ ಹಳೆಯ ನುಡಿ, ಬರಹ, ಶ್ರೀಲಿಪಿ ಫೈಲುಗಳಿದ್ದರೆ ಈಗಲೇ ಬದಲಿಸಿ.

ಎಷ್ಟು ವರ್ಷ ಇಡಬೇಕು? ಮಾನನಷ್ಟದ ಸಿವಿಲ್ ದಾವೆಗೆ ಕಾಲಮಿತಿ ಒಂದು ವರ್ಷ, ಕ್ರಿಮಿನಲ್ ದೂರಿಗೆ ಮೂರು ವರ್ಷ. ಹಾಗಾಗಿ ವಿವಾದದ ವರದಿಯ ಮೂಲ ಕನಿಷ್ಠ ಮೂರು ವರ್ಷ ಕೈಗೆಟುಕುವಂತೆ ಇರಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು. ಒಂದು ಬಿಟ್ ಬದಲಾದರೂ ಅದು ಬೇರೆಯಾಗುತ್ತದೆ. ರೆಕಾರ್ಡ್ ಮಾಡಿದ ದಿನವೇ ಅದನ್ನು ತೆಗೆದು ಬರೆದಿಟ್ಟರೆ, ಆಮೇಲೆ ಯಾರೂ ತಿದ್ದಿಲ್ಲ ಅಂತ ತೋರಿಸಬಹುದು. ಡಿಸ್ಕಿನಲ್ಲಿ ಫೈಲ್ ತಾನಾಗಿ ಕೆಟ್ಟಿದೆಯೇ ಅಂತಲೂ ಇದರಿಂದಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿ ಹುಡುಗನಿಗೆ ತೋರಿಸಿದೆ. "ವಾಪಸ್ ತೆಗ್ದು ನೋಡುದ್ರಾ?" ಅಂದ. ಇಲ್ಲ ಅಂದೆ. ಆಗ ಅವನು ಗಿಟ್‌ಲ್ಯಾಬ್ ಕಥೆ ಹೇಳಿದ. 2017ರ ಜನವರಿ 31ರಂದು ಆ ಕಂಪನಿಯ ಎಂಜಿನಿಯರೊಬ್ಬರು ತಪ್ಪಾಗಿ ಅಸಲಿ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ಪಿಗೆ ಐದು ಬಗೆಯ ಏರ್ಪಾಡು ಇತ್ತು, ನೆಚ್ಚಿಕೊಳ್ಳುವಂತೆ ಒಂದೂ ಇರಲಿಲ್ಲ. ದಿನವೂ ಆಗಬೇಕಿದ್ದ ನಕಲು ಬಹಳ ದಿನದಿಂದ ಆಗುತ್ತಲೇ ಇರಲಿಲ್ಲ, ಆಗುತ್ತಿಲ್ಲ ಅಂತ ತಿಳಿಸುವ ಮೇಲ್ ಕೂಡ ತಲುಪುತ್ತಿರಲಿಲ್ಲ. ಆರು ಗಂಟೆ ಮುಂಚೆ ಒಬ್ಬರು ಬೇರೆ ಕೆಲಸಕ್ಕೆ ಅಂತ ತೆಗೆದಿದ್ದ ಪ್ರತಿ ಸಿಕ್ಕಿ ಬಚಾವಾದರು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಕಣ್ಣು ಮುಚ್ಚಿ ಐದು ಫೈಲು ಆರಿಸಿ, ಬ್ಯಾಕಪ್ಪಿನಿಂದ ಬೇರೆ ಲ್ಯಾಪ್‌ಟಾಪಿಗೆ ತೆಗೆದು, ಕಿವಿಗೊಟ್ಟು ಕೇಳುತ್ತೇನೆ. ಅರ್ಧ ಗಂಟೆಯ ಕೆಲಸ. ಎರಡು ಸಲ ತೊಂದರೆ ಸಿಕ್ಕಿದೆ, ಎರಡು ಸಲವೂ ಇನ್ನೊಂದು ಪ್ರತಿಯಿಂದ ಸರಿಪಡಿಸಿದೆ.

ಸ್ಪಷ್ಟನೆ ಅಚ್ಚಾದ ಮೇಲೆ ಅಜ್ಜಿಯ ಮೊಮ್ಮಗ ಫೋನ್ ಮಾಡಿದ್ದ. ಬೈಯಲು ಅಂದುಕೊಂಡೆ. "ಮೇಡಂ, ನಮ್ಮಜ್ಜಿ ಮಾತಾಡಿದ್ದು ನಿಮ್ಮತ್ರ ಇದೆ ಅಲ್ವಾ? ಮನೇಲಿ ಅವಳ ದನಿ ಎಲ್ಲೂ ಇಲ್ಲ" ಅಂದ. ಇದ್ದ ಮೂರು ನಿಮಿಷವನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟು ಬಂದೆ. ಅದರಲ್ಲಿ ಅಜ್ಜಿ ಜಮೀನಿನ ಮಾತೇ ಆಡಿಲ್ಲ. ನನಗೆ ಕಾಫಿ ಕುಡಿಯಲು ಒತ್ತಾಯ ಮಾಡಿ, ರಾಗಿ ಹೊಲದಲ್ಲಿ ಅವರೆ ಸಾಲು ಹಾಕುತ್ತಿದ್ದ ಬಗೆ ಹೇಳುತ್ತಾಳೆ. ಅವರ ಮನೆಯವರು ಅದನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು. ಉಳಿದ 44 ನಿಮಿಷದಲ್ಲಿ ಏನಿತ್ತು ಅಂತ ಕೇಳಿದರು. ನೆನಪಿದ್ದಷ್ಟು ಹೇಳಿದೆ.

ನಿಮ್ಮ ಡಿಸ್ಕ್ ತೆಗೆದು ಇವತ್ತೇ ಒಮ್ಮೆ ಸಿಕ್ಕಿಸಿ ನೋಡಿ. ಮತ್ತೆ ಸಿಗಲಾರದ ಹತ್ತು ಫೈಲು ಯಾವುವು ಅಂತ ಪಟ್ಟಿ ಮಾಡಿ, ಅವನ್ನು ಮಾತ್ರವಾದರೂ ಈ ರಾತ್ರಿ ಇನ್ನೊಂದು ಕಡೆ ಹಾಕಿ. ಟೆರಾಬೈಟುಗಳ ಯೋಚನೆ ನಾಳೆ ಮಾಡಿದರೂ ನಡೆಯುತ್ತದೆ.